ರಫು ಅತ್ತೆಯ ಬಲ್ಬು

ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಮೊಣಕೈ, ಕಾಲರು, ಜೇಬಿನ ಅಂಚುಗಳೇ ರಫು ಅತ್ತೆಯ ಕಣ್ಣಿಗೆ ಬೀಳುತ್ತಿದ್ದವು. ತೀರಿಹೋದ ಗಂಡನ ಬೂದು ಕೋಟು ತೊಟ್ಟು, ಅದರ ಜೇಬುಗಳಲ್ಲಿ ದಾರದುಂಡೆಗಳನ್ನು ತುಂಬಿಕೊಂಡು, ಹರಿದ ಬಟ್ಟೆಯನ್ನು ಹರಿದದ್ದೇ ತಿಳಿಯದಂತೆ ನಲವತ್ತು ವರ್ಷ ಹೆಣೆದು ರಫು ಮಾಡಿದ ಈ ನನ್ನ ಸೋದರತ್ತೆಗೆ, ತಮ್ಮ ಕೆಲಸ ಯಾರಿಗೂ ಕಾಣಬಾರದೆಂಬುದೊಂದೇ ಅಭಿಮಾನ.

ಅದೇ ಕೆಲಸ ಒಮ್ಮೆ ಎಲ್ಲರಿಗೂ ಕಂಡುಬಿಟ್ಟಿತು. ಕಿಟಕಿಯಿಲ್ಲದ ಅವರ ಕೋಣೆಯ ಮೇಜುದೀಪದ ಹಳೆಯ ಬಲ್ಬು ಹೋದಾಗ ಮಗ ಕೈಗೆ ಸಿಕ್ಕಿದ್ದನ್ನು ತಂದು ಹಾಕಿದ್ದ. ಆ ಬೆಳಕಿನಲ್ಲಿ ಅತ್ತೆ ವಕೀಲರೊಬ್ಬರ ಕರಿಕೋಟನ್ನು ಕಡುನೀಲಿ ದಾರದಿಂದ ಹೆಣೆದರು. ಬಿಸಿಲಿಗೆ ಬಂದದ್ದೇ ತಡ, ತೋಳಿನ ಮೇಲೆ ನೀಲಿ ಬರೆ ಎದ್ದು ಕಂಡಿತು. ಕೋಟು ವಾಪಸು ಬಂತು.

“ಕಣ್ಣು ಮಂಜಾಗಿದೆ ಅಮ್ಮ, ಇನ್ನು ಸೂಜಿ ಸಾಕು,” ಎಂದ ಮಗ.

“ಕಣ್ಣಲ್ಲ ಕಣೋ, ಬಲ್ಬು.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!”

ಅತ್ತೆಗೆ ಉರಿದುಹೋಯಿತು. ಮರುದಿನವೇ ದೀಪವನ್ನು ಕಂಕುಳಲ್ಲಿ ಅವುಚಿಕೊಂಡು, ಮಗನ ಕೈಗೆ ವಕೀಲರ ಕೋಟು ಕೊಟ್ಟು, ದಾಪುಗಾಲು ಹಾಕುತ್ತ ಬಲ್ಬಿನಂಗಡಿಗೆ ನಡೆದರು. ಅಂಗಡಿಯವನು ಎಲ್ಲಕ್ಕಿಂತ ಹೆಚ್ಚು ವ್ಯಾಟಿನದನ್ನು ಮುಂದಿಟ್ಟ.

“ಕಣ್ಣು ಕುಕ್ಕೋ ಬೆಳಕು ಬೇಡಪ್ಪ, ಬಣ್ಣ ತೋರಿಸೋ ಬೆಳಕು ಬೇಕು.”

ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಮೊದಲು ಮನೆಯ ಬಲ್ಬನ್ನೇ ಹಚ್ಚಿಸಿ, ಜೇಬಿನಿಂದ ಕರಿದೊಂದು, ಕಡುನೀಲಿಯದೊಂದು ದಾರದುಂಡೆ ತೆಗೆದು ಮಗನ ಮುಂದೆ ಹಿಡಿದರು. “ಕರಿದು ಯಾವುದು, ತೆಗಿ.” ಹದ್ದಿನ ಕಣ್ಣಿನ ಮಗ ಒಂದನ್ನೆತ್ತಿಕೊಂಡು ಬಾಗಿಲಿಗೆ ಹೋಗಿ ನೋಡಿದ, ನೀಲಿ. ಅಂಗಡಿಯವನಿಗೂ ನೀಲಿಯೇ ಸಿಕ್ಕಿತು.

“ನಿಂಗೆ ಕರಿದೇ ಸಿಕ್ಕಿದ್ದಿದ್ರೆ ಸೂಜಿ ನಾನೇ ಕೆಳಗಿಡ್ತಿದ್ದೆ,” ಎಂದರು ಅತ್ತೆ. ಇದನ್ನು ಮಗನೇ ನನಗೆ ಹೇಳಿದ್ದು.

ಆಮೇಲೆ ಒಂದೊಂದೇ ಬಲ್ಬು ಹಾಕಿಸಿ, ತೆಗೆಸಿ, ಅಂಗಡಿಯವನು ನಿಟ್ಟುಸಿರು ಬಿಟ್ಟರೂ ಜಗ್ಗದೆ, ಏಳನೆಯದರಲ್ಲಿ ನಿಂತರು. ಅದೇನೂ ಬಹಳ ಪ್ರಖರವಲ್ಲ; ಆದರೆ ಅದರಡಿಯಲ್ಲಿ ಕೋಟು ಕೋಟಾಗಿ, ಬರೆ ಬರೆಯಾಗಿ ಬೇರೆಬೇರೆ ಕಂಡವು. ಮನೆಗೆ ಬಂದು ನೀಲಿಯನ್ನು ಎಳೆ ಎಳೆಯಾಗಿ ಬಿಚ್ಚಿ, ಕರಿದಾರ ಹೆಣೆದರು. ವಕೀಲರು ಕೋಟು ತೊಟ್ಟು, ಹರಿದಿದ್ದು ಎಡತೋಳೋ ಬಲತೋಳೋ ಎಂದು ಹುಡುಕುತ್ತ ನಿಂತರು. ಮಗ ಅಂದಿನಿಂದ ಆ ಗಾದೆಯನ್ನು ಮನೆಯಲ್ಲಿ ಎತ್ತಿಲ್ಲ.

ನೆಲ ಡೊಂಕೆನ್ನುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅವರನ್ನು ನೋಡಿ ನಗುವವರು ಇನ್ನೂ ಹೆಚ್ಚು. ನೆಲವನ್ನು ಅಳೆದು ನೋಡುವ, ಅದು ಸಮವಾಗಿದ್ದರೆ ಗೆಜ್ಜೆ ಬಿಚ್ಚಿಡಲೂ ಸಿದ್ಧರಿರುವವರು ಮಾತ್ರ ಕೆಲವರೇ. ನಮ್ಮ ಹರುಕುಗಳನ್ನೆಲ್ಲ ಹೆಣೆದು ಕೊಡುವವರು ಅವರೇ.