ಲೈಬ್ರರಿಯಿಂದ ಮೂರು ಪುಟ

ಶಾಲೆಗೆ ಒಂದು ಎಐ ಕಾರ್ಯತಂತ್ರ ಬೇಕು ಎಂದು ತೀರ್ಮಾನವಾದದ್ದು ಅಕ್ಟೋಬರಿನ ಒಂದು ಭಾನುವಾರ (ಬಹರೈನಿನಲ್ಲಿ ಅದು ಕೆಲಸದ ದಿನ), ಸ್ಟಾಫ್ ಮೀಟಿಂಗಿನ ಕೊನೆಯ ಹತ್ತು ನಿಮಿಷದಲ್ಲಿ. ಫೆಬ್ರವರಿಯಲ್ಲಿ ತಪಾಸಣೆಯ ತಂಡ ಬರುವುದಿತ್ತು. ಅವರು ಕಳಿಸಿದ ಪಟ್ಟಿಯಲ್ಲಿ ಈ ಸಲ ‘ಕೃತಕ ಬುದ್ಧಿಮತ್ತೆಯ ಕುರಿತ ಕಾರ್ಯತಂತ್ರವನ್ನು ಲಗತ್ತಿಸಿ’ ಎಂಬ ಹೊಸ ಸಾಲೊಂದು ಸೇರಿಕೊಂಡಿತ್ತು. ಲಗತ್ತಿಸಬೇಕಾದರೆ ಮೊದಲು ಅದು ಇರಬೇಕಲ್ಲ.

ಪ್ರಿನ್ಸಿಪಾಲ್ ಶಹೀದಾ ಮೇಡಂ ಸಭೆಯ ಮೇಲೆ ಕಣ್ಣು ಹಾಯಿಸಿದರು. ಕಂಪ್ಯೂಟರ್ ವಿಭಾಗದವರು ತಮಗೆ ವಾರಕ್ಕೆ ಇಪ್ಪತ್ತೆಂಟು ಪೀರಿಯಡ್ ಎಂದರು. ವಿಜ್ಞಾನದವರು ಪ್ರದರ್ಶನದ ತಯಾರಿಯಲ್ಲಿದ್ದರು. ಆ ಕಣ್ಣು ಸುತ್ತಾಡಿ ಸುತ್ತಾಡಿ ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಲೈಬ್ರೇರಿಯನ್ ನೆಲ್ಲಿಯ ಮೇಲೆ ಬಂದು ನಿಂತಿತು. ಲೈಬ್ರರಿಯವರಿಗೆ ಬೇಕಾದಷ್ಟು ಬಿಡುವಿರುತ್ತದೆ ಎಂಬುದು ಶಾಲೆಗಳಲ್ಲಿ ಯಾರೂ ಪರೀಕ್ಷೆ ಮಾಡಿ ನೋಡದ ನಂಬಿಕೆ.

ನೆಲ್ಲಿ ಉಡುಪಿ ಬಳಿಯ ಶಿರ್ವದ ಕಡೆಯವಳು. ಬಹರೈನಿಗೆ ಬಂದು ಹತ್ತೊಂಬತ್ತು ವರ್ಷ, ಈ ಲೈಬ್ರರಿಯಲ್ಲಿ ಹದಿನಾಲ್ಕು. ಗುಫೂಲಿನಲ್ಲಿ ಮನೆ, ಶಾಲೆಗೆ ನಡೆದೇ ಬರುತ್ತಾಳೆ. ಕೊಟ್ಟ ಕೆಲಸವನ್ನು ನಿಜವಾಗಿಯೂ ಮಾಡಿಬಿಡುವುದು ಅವಳ ಒಂದು ಸ್ವಭಾವ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಗಂಡ ಮೌರಿಸ್ ಸಿತ್ರಾದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಮೇಲ್ವಿಚಾರಕ. ಆ ಸಂಜೆ ಕಂಪನಿಯ ಬಸ್ಸಿಳಿದು ಬಂದವನು ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡ.

“ಕಾರ್ಯತಂತ್ರ ಅಂದ್ರೆ ಎಂತ? ಅದನ್ನು ಬಳಸಿ ಅಂತಲಾ, ಬಳಸ್ಬೇಡಿ ಅಂತಲಾ?”

“ಅದೇ ಗೊತ್ತಿಲ್ಲ. ಮೇಡಮಿಗೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ.”

“ನಮ್ಮಲ್ಲಿ ಹೊಸ ರೂಲ್ ತರುವ ಮೊದಲು, ಈಗ ಎಂತ ನಡೀತಾ ಉಂಟು ಅಂತ ಒಂದು ವಾರ ಸುಮ್ಮನೆ ಕೇಳಿಕೊಂಡು ಬರ್ತಾರೆ,” ಎಂದ ಮೌರಿಸ್. “ಆದ್ರೆ ಯಾರ ಹೆಸರೂ ಬರೆಯುವ ಹಾಗಿಲ್ಲ. ಹೆಸರು ಬರೆದ್ರೆ ಖಲಾಸ್, ಒಬ್ಬನೂ ನಿಜ ಹೇಳುವುದಿಲ್ಲ.”

ನೆಲ್ಲಿಗೆ ಅದು ಸರಿ ಕಂಡಿತು. ಮರುದಿನದಿಂದ ನೋಟ್‌ಬುಕ್ ಹಿಡಿದು ಹೊರಟಳು. ಮೂವತ್ತೊಂದು ಮಂದಿ ಟೀಚರುಗಳಿಗೂ ಒಂದೇ ಮಾತು: “ಹೆಸರು ಬರೆಯುವುದಿಲ್ಲ. ಬರೆದದ್ದನ್ನು ನಿಮಗೆ ತೋರಿಸುತ್ತೇನೆ.” ಮೊದಲೆರಡು ದಿನ ಎಲ್ಲರೂ ತಾವು ಎಐ ಮುಟ್ಟಿಯೇ ಇಲ್ಲ ಎಂದರು. ಮೂರನೆಯ ದಿನ ಒಬ್ಬರು ಬಾಯಿಬಿಟ್ಟರು. ಆಮೇಲೆ ಲೈಬ್ರರಿಯ ಮುಂದೆ ತಪ್ಪೊಪ್ಪಿಗೆಗೆ ನಿಂತವರ ಸಾಲು ಕರಗಲೇ ಇಲ್ಲ.

ಮೂವತ್ತೊಂದರಲ್ಲಿ ಇಪ್ಪತ್ತಾರು ಮಂದಿ ಪ್ರಗತಿಪತ್ರದ ಷರಾಗಳನ್ನು ಯಂತ್ರದಿಂದಲೇ ಬರೆಸುತ್ತಿದ್ದರು. ಒಂದೇ ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು ‘ಸುತ್ತಲಿನ ಜಗತ್ತಿನ ಬಗ್ಗೆ ತೀವ್ರ ಕುತೂಹಲ’ ಹೊಂದಿದ್ದರು. ಅದರಲ್ಲಿ ಒಬ್ಬ ಜೂನ್‌ನಲ್ಲೇ ಟಿಸಿ ತೆಗೆದುಕೊಂಡು ಹೋಗಿಯಾಗಿತ್ತು. ನಾಲ್ಕನೆಯ ತರಗತಿಯ ಮಗುವೊಂದರ ತಾಯಿ ರಜೆಯ ಅರ್ಜಿಯನ್ನು ಯಂತ್ರದಿಂದ ಬರೆಸುತ್ತಿದ್ದರು, ಟೀಚರು ಉತ್ತರವನ್ನು ಯಂತ್ರದಿಂದ ಬರೆಸುತ್ತಿದ್ದರು. ಹೀಗೆ ಎರಡು ತಿಂಗಳಿಂದ ಆ ಮಗುವಿನ ಹೊಟ್ಟೆನೋವಿನ ಬಗ್ಗೆ ಅತ್ಯಂತ ಗೌರವಪೂರ್ವಕ ಪತ್ರವ್ಯವಹಾರ ನಡೆದಿತ್ತು, ಮಗುವಿಗೆ ಏನಾಗಿದೆ ಎಂದು ಇಬ್ಬರೂ ಕೇಳಿರಲಿಲ್ಲ. ಶಹೀದಾ ಮೇಡಂ ಕೂಡ ಬಾಗಿಲು ಹಾಕಿಕೊಂಡು ನಕ್ಕು, “ವಾರ್ಷಿಕೋತ್ಸವದ ನನ್ನ ಭಾಷಣ ಅದರದ್ದೇ. ಸೇರಿಸಿಕೊಳ್ಳಿ, ಹೆಸರಿಲ್ಲದೆ,” ಎಂದಿದ್ದರು.

ಮಕ್ಕಳನ್ನೂ ಕೇಳಿದಳು. ಹೆಚ್ಚಿನವರದು ನಿರೀಕ್ಷೆಯ ಉತ್ತರವೇ: ಹೋಮ್‌ವರ್ಕ್. ಆದರೆ ಒಂಬತ್ತನೆಯ ತರಗತಿಯ ಪೂಜಿತಾ ಎಂಬ ಹುಡುಗಿ ಹೇಳಿದ್ದನ್ನು ನೆಲ್ಲಿ ಹಾಗೆಯೇ ಬರೆದುಕೊಂಡಳು.

“ಮಿಸ್, ನಾನು ಅದರಲ್ಲಿ ಕಾಪಿ ಮಾಡುದಿಲ್ಲ. ಗಣಿತ ಕೇಳ್ತೇನೆ. ಒಂದೇ ಲೆಕ್ಕ ಹನ್ನೊಂದು ಸಲ ಕೇಳಿದ್ದುಂಟು. ಅದು ಬೈಯುವುದಿಲ್ಲ.”

ಎಲ್ಲ ಸೇರಿ ಮೂರು ಪುಟವಾಯಿತು. ಕೊನೆಯಲ್ಲಿ ನೆಲ್ಲಿ ನಾಲ್ಕೇ ಸಾಲಿನ ಸಲಹೆ ಬರೆದಳು. ಷರಾ ಬರೆಯಲು ಟೀಚರಿಗೆ ಸಮಯ ಕೊಡಬೇಕು, ಇಲ್ಲವೇ ಷರಾವನ್ನೇ ಕೈಬಿಡಬೇಕು. ಮನೆಯಲ್ಲಿ ಮಾಡಿಸುವ ಕೆಲವನ್ನು ತರಗತಿಯಲ್ಲೇ ಮಾಡಿಸಬೇಕು. ತಾಯಿಗೆ ಫೋನ್ ಮಾಡಬೇಕು. ಬೈಗುಳವಿಲ್ಲದೆ ಮತ್ತೆ ಮತ್ತೆ ಕೇಳಲು ಮಕ್ಕಳಿಗೆ ಒಂದು ಜಾಗ ಬೇಕು.

ಈ ನಡುವೆ ಆಡಳಿತ ಮಂಡಳಿ ಸೀಫ್‌ನಲ್ಲಿ ಕಚೇರಿಯಿದ್ದ ಅಕ್ಷಿತ್ ಎಂಬ ಸಲಹೆಗಾರನನ್ನೂ ನೇಮಿಸಿಕೊಂಡಿತ್ತು. ಬೆಂಗಳೂರಿನವನು, ಮೂವತ್ತರ ಆಸುಪಾಸು, ಮಾತು ಸಭ್ಯ. ಪ್ರಿನ್ಸಿಪಾಲರ ಕೋಣೆಯಲ್ಲಿ ಮೂರು ಪುಟಗಳನ್ನು ಮಡಚಿ ಬಿಚ್ಚಿ ನೋಡಿದ.

“ಮೇಡಂ, ಎಫರ್ಟ್ ತುಂಬಾ ಚೆನ್ನಾಗಿದೆ. ಆದ್ರೆ ಇದು ಬರೀ ಈಗ ಏನಾಗ್ತಿದೆ ಅನ್ನೋದು. ಸ್ಟ್ರಾಟಜಿ ಅಂದ್ರೆ ವಿಷನ್ ಇರ್ಬೇಕು. ನಾವು ಐದು ಪಿಲ್ಲರ್ಸ್ ಮೇಲೆ ಬಿಲ್ಡ್ ಮಾಡ್ತೀವಿ.”

ಅವನ ಕಾರ್ಯತಂತ್ರ ಅರುವತ್ತನಾಲ್ಕು ಪುಟವಿತ್ತು. ನೆಲ್ಲಿ ಅದನ್ನು ಪೂರ್ತಿ ಓದಿದಳು. ಓದಿದವಳು ಬಹುಶಃ ಅವಳೊಬ್ಬಳೇ. ನಲವತ್ತೊಂದನೆಯ ಪುಟದಲ್ಲಿ ‘ನದೀತೀರದ ನಮ್ಮ ಪ್ರಶಾಂತ ಆವರಣ’ ಎಂದಿತ್ತು. ಬಹರೈನಿನಲ್ಲಿ ನದಿ ಎಲ್ಲಿಂದ ಬಂತು ಎಂದು ಅವಳು ಕೇಳಿದಾಗ ಅಕ್ಷಿತ್ ಕೆಂಪಾಗದೆ, “ಥ್ಯಾಂಕ್ಯೂ, ನೋಟ್ ಮಾಡ್ಕೊಂಡೆ,” ಎಂದ. ಮುಂದಿನ ಪ್ರತಿಯಲ್ಲಿ ನದಿ ಹೋಗಿ ‘ಕಡಲತೀರ’ ಬಂತು. ಶಾಲೆಯ ಎದುರಿಗಿದ್ದದ್ದು ಟಯರ್ ಅಂಗಡಿ.

ಆ ಮೊದಲ ದಿನ ಅವನು ಪುಟಗಳನ್ನು ನೋಡಿ ಹೋದ ಮೇಲೆ ಶಹೀದಾ ಮೇಡಂ ನೆಲ್ಲಿಯನ್ನು ಕೂರಿಸಿಕೊಂಡರು. ಮೂರು ಪುಟಗಳು ಮೇಜಿನ ಮೇಲೇ ಇದ್ದವು.

“ಈ ಇಪ್ಪತ್ತಾರು ಯಾರು ಯಾರು ಅಂತ ನನಗೆ ಬೇಕು ನೆಲ್ಲಿ. ಮಂಡಳಿಯವರು ಕೇಳಿದ್ದಾರೆ. ಇದು ಶಿಸ್ತಿನ ವಿಷಯ.”

“ನಾನು ಹೆಸರು ಬರೆದುಕೊಂಡಿಲ್ಲ ಮೇಡಂ.”

“ಬರೆಯದಿದ್ದರೂ ನಿಮಗೆ ನೆನಪಿರುತ್ತದೆ.”

ನೆಲ್ಲಿಯ ವೀಸಾ ಶಾಲೆಯದು, ಕೆಲಸ ಹೋದರೆ ಅದೂ ಹೋಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಕುರ್ಚಿಯಲ್ಲಿ ಕೂತು ‘ಇಲ್ಲ’ ಎಂದದ್ದು ಅವಳಿಗೆ ನೆನಪಿಲ್ಲ.

“ನೆನಪಿದೆ,” ಎಂದಳು. “ಎಲ್ಲರದೂ ನೆನಪಿದೆ. ಭಾಷಣದ್ದೂ. ಹೇಳುವುದಾದರೆ ಎಲ್ಲರ ಹೆಸರೂ ಹೇಳಬೇಕಾಗ್ತದೆ, ಅರ್ಧ ಹೇಳಲಿಕ್ಕೆ ನನಗೆ ಬರುವುದಿಲ್ಲ.”

ಶಹೀದಾ ಮೇಡಂ ಕಾಗದಗಳನ್ನು ಜೋಡಿಸಿ ನೆಲ್ಲಿಯ ಕಡೆ ಸರಿಸಿ, “ಇದು ನಿಮ್ಮ ಹತ್ತಿರವೇ ಇರಲಿ. ಅಧಿಕೃತವಲ್ಲ,” ಎಂದರು. ನೆಲ್ಲಿ ಹೊರಗೆ ಬಂದಳು. ನಂತರ, ತೋರಿಸುತ್ತೇನೆಂದು ಮಾತು ಕೊಟ್ಟಿದ್ದಳಲ್ಲ, ಮೂವತ್ತೊಂದು ಪ್ರತಿ ತೆಗೆದು ಹಂಚಿದಳು.

ಮರುದಿನ ಊಟದ ವಿರಾಮದಲ್ಲಿ ಗಣಿತದ ಜಯರಾಜ ಸರ್ ಲೈಬ್ರರಿಗೆ ಬಂದರು. ಕಾಪುವಿನವರು, ಐವತ್ತೈದರ ಹತ್ತಿರ. ಅವರು ಕಾರಿಡಾರಿನಲ್ಲಿ ನಡೆದರೆ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಕೈಯಲ್ಲಿ ಎರಡನೆಯ ಪುಟ. ಊರಿನ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನೆಲ್ಲಿಯನ್ನು ಅವರು ಬಾಯಮ್ಮ ಎನ್ನುತ್ತಿದ್ದರು.

“ಇಲ್ಲಿ ಒಂಬತ್ತನೇ ಕ್ಲಾಸು, ಗಣಿತ ಅಂತ ಉಂಟಲ್ಲ ಬಾಯಮ್ಮ. ಇದು ನಾನಲ್ವಾ?”

“ಹೆಸರು ಇಲ್ಲ ಸರ್.”

“ಹೆಸರು ಎಂತಕ್ಕೆ? ಒಂಬತ್ತನೇ ಕ್ಲಾಸಿಗೆ ಗಣಿತ ಮಾಡುವುದು ನಾನೊಬ್ಬನೇ.” ಅವರು ಕುರ್ಚಿ ಎಳೆದು ಕೂತರು. “ಆ ಮಗು ಹನ್ನೊಂದು ಸಲ ಕೇಳಿದ್ದಂತೆ. ನನ್ನ ಹತ್ರ ಎರಡನೇ ಸಲ ಕೇಳಿದ್ರೆ ನಾನು ಎಂತ ಹೇಳ್ತೇನೆ ಅಂತ ನನಗೆ ಗೊತ್ತುಂಟು.”

ಅವರು ಬಹಳ ಹೊತ್ತು ಆ ಸಾಲನ್ನೇ ನೋಡಿದರು. “ಊಟದ ಹೊತ್ತಿಗೆ ಈ ಮೂಲೆ ಖಾಲಿ ಇರ್ತದಾ?” ಎಂದು ಕೇಳಿದರು.

ಸೋಮವಾರ, ಬುಧವಾರ ಎಂದಾಯಿತು. ಮೊದಲ ದಿನ ಯಾರೂ ಬರಲಿಲ್ಲ. ಜಯರಾಜ ಸರ್ ಒಬ್ಬರೇ ಕೂತು ಡಬ್ಬಿಯ ಅನ್ನ ತಿಂದು ಹೋದರು. ಎರಡನೆಯ ದಿನ ಪೂಜಿತಾ ಬಂದು, ಇದೇನೋ ಬಲೆ ಇರಬೇಕೆಂಬಂತೆ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಳು. ಬೈಯಬೇಕೆನ್ನಿಸಿದಾಗಲೆಲ್ಲ ಸರ್ ಪೆನ್ಸಿಲನ್ನು ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು. ಒಮ್ಮೆ ಪೆನ್ಸಿಲ್ ಮುರಿಯಿತು. ಆದರೂ ಬಾಯಿಂದ ಬಂದದ್ದು “ಇನ್ನೊಮ್ಮೆ ನೋಡುವ” ಎಂದೇ. ಜನವರಿಯ ಹೊತ್ತಿಗೆ ಮೂಲೆಯಲ್ಲಿ ಹದಿನೇಳು ಮಕ್ಕಳಾಗಿ, ನೆಲ್ಲಿ ತನ್ನ ಮೇಜನ್ನೂ ಬಿಟ್ಟುಕೊಡಬೇಕಾಯಿತು.

ತಪಾಸಣೆಯ ತಂಡದ ಮುಖ್ಯಸ್ಥೆ ವೆಂಡಿ ಎಂಬ ಬಿಳಿಗೂದಲಿನ ಹೆಂಗಸು. ಅರುವತ್ತನಾಲ್ಕು ಪುಟಗಳನ್ನು ಪಕ್ಕಕ್ಕಿಟ್ಟು, ಸಿಕ್ಕಿದ ಟೀಚರನ್ನೆಲ್ಲ ಐದು ಪಿಲ್ಲರುಗಳು ಯಾವುವು ಎಂದು ಕೇಳಿದರು. ಇಬ್ಬರಿಗೆ ಮಾತ್ರ ಮೂರು ಹೇಳಲು ಬಂತು. ಅದರಲ್ಲಿ ಎರಡು ಅಗ್ನಿಶಾಮಕ ತರಬೇತಿಯವು. ಬುಧವಾರ ಮಧ್ಯಾಹ್ನ ದಾರಿತಪ್ಪಿ ಲೈಬ್ರರಿಗೆ ಬಂದ ವೆಂಡಿ ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟರು. ನೆಲ್ಲಿಯನ್ನು ವಿಚಾರಿಸಿ ಮೂರು ಪುಟಗಳನ್ನು ಕೇಳಿ ಪಡೆದು ಓದಿದರು. ಹಿಂದಿನಿಂದ ಓಡಿಬಂದ ಶಹೀದಾ ಮೇಡಮಿಗೆ, “ಇದು ನಿಮ್ಮ ಕಾರ್ಯತಂತ್ರದ ಭಾಗವೇ?” ಎಂದರು.

ಶಹೀದಾ ಮೇಡಂ ನೆಲ್ಲಿಯ ಮುಖ ನೋಡದೆ, “ಹೌದು. ಮೂರನೆಯ ಪಿಲ್ಲರ್,” ಎಂದರು.

ವರದಿ ಬಂತು. ಎಐ ಬಗ್ಗೆ ಇಷ್ಟು ಮಾನವೀಯವಾದ, ನೆಲಕ್ಕೆ ಹತ್ತಿರವಾದ ಕಾರ್ಯತಂತ್ರ ಅಪರೂಪವೆಂದು ಅದರಲ್ಲಿ ಬರೆದಿತ್ತು. ಶಾಲೆಯ ದರ್ಜೆ ಒಂದು ಮೆಟ್ಟಿಲು ಏರಿತು. ಅಸೆಂಬ್ಲಿಯಲ್ಲಿ ಅಕ್ಷಿತನಿಗೆ ಹೂಗುಚ್ಛ ಕೊಟ್ಟರು. ಮನೆಗೆ ಬಂದು ಹೇಳಿದಾಗ ಮೌರಿಸ್‌ಗೆ ಸಿಟ್ಟು ಬಂತು.

“ನಿನ್ನ ಹೆಸರು ಎಲ್ಲಿಯೂ ಇಲ್ವಾ?”

“ಹೆಸರು ಬರೆಯಬಾರ್ದು ಅಂತ ಹೇಳಿಕೊಟ್ಟದ್ದು ನೀವೇ ಅಲ್ವಾ,” ಎಂದಳು ನೆಲ್ಲಿ. ನಗುತ್ತಲೇ ಹೇಳಿದ್ದಳು, ಆದರೂ ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

ವರದಿಯ ಕೊನೆಯಲ್ಲಿ ಒಂದು ಶಿಫಾರಸಿತ್ತು: ‘ಈ ಉಪಕ್ರಮಕ್ಕೆ ಇನ್ನಷ್ಟು ಸ್ಥಳಾವಕಾಶ ಒದಗಿಸಬೇಕು.’ ಮಂಡಳಿ ತಡಮಾಡಲಿಲ್ಲ. ಎಐ ಹಬ್ ಆಗಬೇಕು, ಶಾಲೆಯಲ್ಲಿ ಇರುವ ದೊಡ್ಡ ಕೋಣೆ ಲೈಬ್ರರಿ. ಏಪ್ರಿಲಿನಲ್ಲಿ ಕಪಾಟುಗಳು ಹೋದವು. ಪುಸ್ತಕಗಳು ಪೆಟ್ಟಿಗೆ ಸೇರಿ ಮೆಟ್ಟಿಲ ಕೆಳಗಿನ ಜಾಗಕ್ಕೆ ಇಳಿದವು. ಇಪ್ಪತ್ತು ಹೊಸ ಕಂಪ್ಯೂಟರ್ ಬಂದವು. ನೆಲ್ಲಿಯ ಕೊರಳಿಗೆ ‘ಹಬ್ ಕೋಆರ್ಡಿನೇಟರ್’ ಎಂಬ ಹೊಸ ಪಟ್ಟಿ ಬಂತು. ಒಳಗೆ ಕೂರಬೇಕಾದರೆ ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು. ಕಾಯ್ದಿರಿಸುವ ಪಟ್ಟಿಯಲ್ಲಿ ‘ಗಣಿತದ ಸಂಶಯ’ ಎಂಬ ಆಯ್ಕೆ ಇರಲಿಲ್ಲ. ಸೇರಿಸಿಕೊಡಿ ಎಂದು ನೆಲ್ಲಿ ಮೂರು ಸಲ ಬರೆದಳು. ಮೂರು ಸಲವೂ ಕ್ಷಣದೊಳಗೆ ಬಹಳ ವಿನಯದ ಉತ್ತರ ಬಂತು, ಆಯ್ಕೆ ಬರಲಿಲ್ಲ.

ಜಯರಾಜ ಸರ್ ಮಕ್ಕಳನ್ನು ಕರೆದುಕೊಂಡು ಮೆಟ್ಟಿಲಿಗೆ ಹೋದರು. “ಗಾಳಿ ಒಳ್ಳೇದುಂಟು,” ಎಂದರು. ಗಾಳಿ ಇರಲಿಲ್ಲ, ಮೇ ತಿಂಗಳು.

ಅದೇ ತಿಂಗಳು ಒಂದು ಬುಧವಾರ ಅಕ್ಷಿತ್ ಬೇರೆ ಶಾಲೆಗಳ ಆರು ಮಂದಿಯನ್ನು ಹಬ್ ತೋರಿಸಲು ಕರೆತಂದ, ಎಲ್ಲರ ಕೈಗೂ ಆ ಅರುವತ್ತನಾಲ್ಕು ಪುಟಗಳ ಪುಸ್ತಕ ಕೊಟ್ಟಿದ್ದ. ಇಪ್ಪತ್ತು ಪರದೆಗಳೂ ಬೆಳಗುತ್ತಿದ್ದವು. ಒಬ್ಬರು, “ಮಕ್ಕಳು?” ಎಂದು ಕೇಳಿದರು.

“ಈಗ ಲಂಚ್ ಬ್ರೇಕ್ ಸರ್,” ಎಂದ ಅಕ್ಷಿತ್.

ಕೇಳಿದವರು ನಿಝಾಮುದ್ದೀನ್, ಮತ್ತೊಂದು ಶಾಲೆಯ ಉಪಪ್ರಾಂಶುಪಾಲರು. ಉಳಿದವರು ಮುಂದೆ ಹೋದಾಗ ಅವರು ಬಾಗಿಲ ಬಳಿ ಹಿಂದುಳಿದರು. ಮೆಟ್ಟಿಲ ಕಡೆಯಿಂದ ಜಯರಾಜ ಸರ್ ಧ್ವನಿ ಬರುತ್ತಿತ್ತು. ನಡುವೆ ಪೂಜಿತಾಳದು, ಅದೇ ಲೆಕ್ಕ ಮತ್ತೊಮ್ಮೆ.

“ಅದೇನು ಕ್ಲಾಸು?” ಎಂದು ಅವರು ಹಿಂದಿಯಲ್ಲಿ ನೆಲ್ಲಿಯನ್ನು ಕೇಳಿದರು.

“ಅದು ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಇಲ್ಲ ಸರ್.”

“ಅದಕ್ಕೆ ಏನೇನು ಬೇಕಾಗುತ್ತದೆ?”

ನೆಲ್ಲಿ ಯೋಚಿಸಿ ಹೇಳಿದಳು. “ನಲವತ್ತು ನಿಮಿಷ ಬೇಕು. ಮತ್ತೆ, ಬೈಯದೆ ಇರಲು ಕಲಿಯುವ ಒಬ್ಬರು ಬೇಕು. ನಮ್ಮ ಸರ್‌ಗೆ ಅದು ಬಹಳ ಕಷ್ಟವಾಯಿತು.”

ಅವರು ಪೆನ್ನು ತೆಗೆದಿದ್ದರು, ಏನೂ ಬರೆಯಲಿಲ್ಲ. ಒಳಗಿನಿಂದ ಅಕ್ಷಿತ್ ಕರೆದ. ಡೆಮೊ ಶುರುವಾಗುವುದಿತ್ತು, ಆದರೆ ಪಾಸ್‌ವರ್ಡ್ ತಿಳಿದಿದ್ದದ್ದು ಕೋಆರ್ಡಿನೇಟರಿಗೆ ಮಾತ್ರ. ನೆಲ್ಲಿ ಒಳಗೆ ಹೋಗಿ ಅದನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟಳು. ಹೊರಗೆ ಬಂದಾಗ ನಿಝಾಮುದ್ದೀನ್ ಬಾಗಿಲ ಬಳಿ ಇರಲಿಲ್ಲ. ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ, ಮಕ್ಕಳ ಹಿಂದೆ ಕೂತಿದ್ದರು. ನೆಲ್ಲಿ ಅವರ ಪಕ್ಕದ ಮೆಟ್ಟಿಲಿನಲ್ಲಿ ಕೂತು ತನ್ನ ಡಬ್ಬಿ ಬಿಚ್ಚಿದಳು.