ರೇಡಿಯೋ ಬಂದ್ ಆದ ಭಾನುವಾರ

ಮೂವತ್ತು ವರ್ಷದಿಂದ ಕಟಿಂಗ್ ಶಾಪ್ ನಡೆಸುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಕತ್ತರಿ ಕೈಗೆ ಬಂತೆಂದರೆ ಬಾಯಿಯೂ ಚಾಲೂ ಆಗುತ್ತಿತ್ತು. ತಲೆ ಕೊಟ್ಟವರು ಕಿವಿಯನ್ನೂ ಕೊಡಲೇಬೇಕು. ಹೂಂಗುಟ್ಟಲು ತಲೆಯಾಡಿಸಿದರೆ ಮಾತ್ರ ಬೈಯುತ್ತಿದ್ದ.

ಅವನ ಒಬ್ಬಳೇ ಮಗಳು ಫಿಸಿಯೋಥೆರಪಿ ಕಲಿತು, ದೂರದ ಬಡ ದೇಶವೊಂದರಲ್ಲಿ ಅಂಗವಿಕಲ ಮಕ್ಕಳ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಫೋನಿನಲ್ಲಿ ಅವಳ ದನಿ ಸಪ್ಪಗಿತ್ತು.

"ಇಲ್ಲೊಬ್ಬಳು ಹುಡುಗಿ ಇದಾಳಪ್ಪ, ಹನ್ನೊಂದು ವರ್ಷ. ಕಾಲಲ್ಲಿ ಬಲ ಇಲ್ಲ. ಇಷ್ಟು ದಿನ ಅವಳಮ್ಮ ಬೆನ್ನ ಮೇಲೆ ಹೊತ್ಕೊಂಡು ಶಾಲೆಗೆ ಬಿಡ್ತಿದ್ಲು. ಈಗ ಮಗಳು ಬೆಳೆದಿದಾಳೆ, ಅಮ್ಮನ ಸೊಂಟ ಸೋತಿದೆ. ಇಂಥ ಹನ್ನೆರಡು ಮಕ್ಕಳು, ಎಲ್ಲ ಮನೆಯೊಳಗೇ. ಕಲ್ಲುದಾರೀಲಿ ಓಡೋ ದಪ್ಪ ಚಕ್ರದ ಗಾಲಿಕುರ್ಚಿ ಬೇಕು."

ರೇಡಿಯೋ ಮರುದಿನವೇ ಕನ್ನಡಿಯ ಕೆಳಗೆ ಡಬ್ಬಿಯಿಟ್ಟ. ಬಂದವರಿಗೆಲ್ಲ ಆ ಹುಡುಗಿಯ ಕಥೆ ಹೇಳಿದ್ದೇ ಹೇಳಿದ್ದು. ಆದರೆ ಅವನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಎಲ್ಲರಿಗೂ ರೂಢಿಯಾಗಿತ್ತು. ಮೂರು ವಾರವಾದರೂ ಡಬ್ಬಿಯ ತಳ ಮುಚ್ಚಲಿಲ್ಲ.

"ರೀ, ಒಂದು ದಿನ ಬಾಯಿ ಮುಚ್ಕೊಂಡಿರ್ತೀನಿ ಅನ್ನಿ," ಹೆಂಡತಿ ಬಟ್ಟೆ ಮಡಿಸುತ್ತ ಹೇಳಿದಳು. "ಅದನ್ನ ನೋಡೋಕೆ ಇಡೀ ಬೀದಿ ದುಡ್ಡು ಕೊಟ್ಟು ಬರುತ್ತೆ. ಮೊದಲು ನಾನೇ ಕೊಡ್ತೀನಿ."

ತಮಾಷೆಗೆ ಆಡಿದ ಮಾತು ರೇಡಿಯೋನ ತಲೆಗೆ ಹೊಕ್ಕಿತು. ಬಾಗಿಲಿಗೆ ಚೀಟಿ ಅಂಟಿಸಿದ: 'ಈ ಭಾನುವಾರ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ಒಂದು ಪದವನ್ನೂ ಆಡುವುದಿಲ್ಲ. ಬಂದವರು ಡಬ್ಬಿಗೆ ಹಾಕಬೇಕು. ನಾನು ಆಡಿದರೆ ಒಂದು ತಿಂಗಳು ಎಲ್ಲರಿಗೂ ಪುಕ್ಕಟೆ ಕಟಿಂಗ್.'

ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂದಲೇ ಇಲ್ಲದವರೂ ಬಂದು ಕೂತಿದ್ದರು. ಬೇಕರಿಯವನು ಬೇಕೆಂತಲೇ ಹಿಂದಿನ ದಿನದ ಪಂದ್ಯದ ಕಥೆಯನ್ನು ತಪ್ಪುತಪ್ಪಾಗಿ ಹೇಳಿದ. ರೇಡಿಯೋನ ಗಂಟಲವರೆಗೆ ಬಂದ ಮಾತು ಅಲ್ಲೇ ಗಿರಕಿ ಹೊಡೆದು ಹೊಟ್ಟೆಗಿಳಿಯಿತು.

ಮಧ್ಯಾಹ್ನ ನಿವೃತ್ತ ವ್ಯಾಕರಣದ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷದಿಂದ ಬರುತ್ತಿದ್ದರೂ 'ಸಣ್ಣಗೆ ಮಾಡಪ್ಪ' ಎಂಬುದನ್ನು ಬಿಟ್ಟು ಅವರು ಇನ್ನೊಂದು ಮಾತು ಆಡಿದ್ದಿಲ್ಲ. ಆಡಲು ರೇಡಿಯೋ ಬಿಟ್ಟಿದ್ದೂ ಇಲ್ಲ. ಇವತ್ತು ಕುರ್ಚಿಯ ಸುತ್ತ ಕತ್ತರಿಯ ಸದ್ದೊಂದೇ.

"ನನ್ನ ಅಕ್ಕನಿಗೂ ಕಾಲು ಬರ್ತಿರ್ಲಿಲ್ಲ," ಮೇಷ್ಟ್ರು ಕನ್ನಡಿಗೆ ಹೇಳುವಂತೆ ಹೇಳಿದರು. "ಕಿಟಕಿ ಹತ್ರ ಕೂತಿರ್ತಿದ್ಲು. ನಾನು ಶಾಲೆಯಿಂದ ಬಂದ ತಕ್ಷಣ ಅವತ್ತಿನ ಪಾಠ ಹೇಳ್ಕೊಡು ಅಂತಿದ್ಲು. ನಾನು ಮೇಷ್ಟ್ರಾಗಿದ್ದೇ ಹಾಗೆ. ಅವಳು ಮಾತ್ರ ಶಾಲೆ ಹೇಗಿರುತ್ತೆ ಅಂತ ನೋಡ್ಲೇ ಇಲ್ಲ." ಡಬ್ಬಿಯತ್ತ ಕಣ್ಣು ಹಾಯಿಸಿ, "ಒಂದು ಗಾಲಿಕುರ್ಚಿ ಪೂರ್ತಿ ನನ್ನದು ಅಂತ ನಿನ್ನ ಮಗಳಿಗೆ ಹೇಳು," ಎಂದರು.

ರೇಡಿಯೋನ ಕಣ್ಣು ಮಂಜಾಯಿತು. ಟವೆಲ್ ಹಿಂಡಲು ಹೋದವನು ಸುಡುವ ನೀರಿಗೇ ಬೆರಳದ್ದಿದ.

"ಅಯ್ಯೋ!"

ಅಂಗಡಿಯೇ ಎದ್ದು ನಿಂತಿತು. "ಆಡಿಬಿಟ್ಟ!" ಎಂದು ಬೇಕರಿಯವನು ಕುಣಿದ. "ಅದು ಮಾತಲ್ಲ, ಬರೀ ಸದ್ದು," ಎಂದು ಇನ್ನೊಬ್ಬ ವಾದಕ್ಕಿಳಿದ. ಕೊನೆಗೆ ಎಲ್ಲರೂ ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಎದ್ದರು. "ಚೀಟೀಲಿ ಇರೋದು ಪದ ಅಂತ. ಅಯ್ಯೋ ಅನ್ನೋದು ಭಾವಸೂಚಕ ಅವ್ಯಯ. ಪದವೇ. ಕ್ಷಮಿಸಪ್ಪ, ವ್ಯಾಕರಣಕ್ಕೆ ದಾಕ್ಷಿಣ್ಯ ಇಲ್ಲ."

ರೇಡಿಯೋ ಬೆರಳಿಗೆ ಉಫ್ ಉಫ್ ಎನ್ನುತ್ತಲೇ ನಕ್ಕುಬಿಟ್ಟ. ಸೋತಿದ್ದಾಗಿತ್ತು, ಇನ್ನೇನು! "ಕೂತ್ಕೊಳ್ಳಿ ಮೇಷ್ಟ್ರೇ, ಇನ್ನೂ ಅರ್ಧ ತಲೆ ಇದೆ. ನಿಮ್ಮ ಅಕ್ಕನ ವಿಷಯ ಹೇಳಿ," ಎಂದ. ಅವರು ಹೇಳಿದರು. ಅವನು ನಡುವೆ ಬಾಯಿ ಹಾಕಲಿಲ್ಲ.

ಆ ತಿಂಗಳೆಲ್ಲ ಪುಕ್ಕಟೆ ಕಟಿಂಗ್. ಆದರೆ ಪುಕ್ಕಟೆ ಎಂದು ಹಾಗೇ ಎದ್ದು ಹೋಗಲು ಯಾರಿಗೂ ಮುಖವಿರಲಿಲ್ಲ. ಮಾಮೂಲಾಗಿ ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಡಬ್ಬಿಗೆ ಬೀಳುತ್ತಿತ್ತು. ಮನೆಖರ್ಚನ್ನು ಹೆಂಡತಿ ತನ್ನ ಹೊಲಿಗೆಯಲ್ಲಿ ತೂಗಿಸಿದಳು. ಬೇಕರಿಯವನು ನಾಲ್ಕು ಸಲ ಬಂದು, ಕೊನೆಗೆ ಕತ್ತರಿಸಲು ಏನೂ ಉಳಿಯದೆ, ಸುಮ್ಮನೆ ಕೂತು ಹಣ ಹಾಕಿ ಹೋದ.

ಕೆಲವು ತಿಂಗಳ ಮೇಲೆ ಹನ್ನೆರಡು ಕುರ್ಚಿಗಳೂ ಆ ದೇಶ ತಲುಪಿದವು. ಮಗಳು ವಿಡಿಯೋ ಕಾಲ್ ಮಾಡಿದಾಗ ಅಂಗಡಿಯಲ್ಲಿದ್ದವರೆಲ್ಲ ಫೋನಿಗೆ ಮುಗಿಬಿದ್ದರು. ಮೇಷ್ಟ್ರಿಗೆ ಎಲ್ಲರಿಗಿಂತ ಮುಂದಿನ ಜಾಗ. ಕಲ್ಲುದಾರಿಯಲ್ಲಿ ಆ ಹುಡುಗಿ ಕುರ್ಚಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.

"ಅಪ್ಪ, ಅವಳು ನಿನಗೇನೋ ಹೇಳ್ಬೇಕಂತೆ, ಒಂದ್ನಿಮಿಷ..." ಎಂದು ಮಗಳು ಫೋನು ತಿರುಗಿಸುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಹುಡುಗಿ ಎರಡೂ ಕೈಯಿಂದ ಚಕ್ರ ದೂಡಿಕೊಂಡು, ಹಿಂತಿರುಗಿಯೂ ನೋಡದೆ ಹೊರಟೇಹೋದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗ್ಲಿ ಬಿಡಿ," ಎಂದರು, "ಪಾಠಕ್ಕೆ ಹೊತ್ತಾಗುತ್ತೆ."