ಮೂರು ಭಾಷಣ, ಒಂದೇ ಕೆಮ್ಮು

ವಿಡಿಯೋ ಭಾಷಣಗಳನ್ನು ಕೇಳಿ, ಪರದೆಯ ಕೆಳಗೆ ಬರುವ ಸಾಲುಗಳನ್ನು ಟೈಪ್ ಮಾಡುವುದು ತಂಗಿಯ ಕೆಲಸ. ಮಾತಿನ ಜೊತೆಗೆ ನಗು, ಚಪ್ಪಾಳೆ, ಕೆಮ್ಮು, ಕುರ್ಚಿ ಎಳೆದ ಸದ್ದನ್ನೂ ದಾಖಲಿಸಬೇಕು. ಸೋಮವಾರ ಅವಳಿಗೆ ಬಂದದ್ದು, ತನ್ನ ಲಾರಿ ಅಪಘಾತದ ಕಥೆ ಹೇಳಿ ಜನಕ್ಕೆ ಧೈರ್ಯ ತುಂಬುವ, 'ಲಾರಿ ಅಣ್ಣ' ಎಂದೇ ಹೆಸರಾದ ಭಾಷಣಕಾರನ ಭಾಷಣ. ಹನ್ನೆರಡನೇ ನಿಮಿಷದಲ್ಲಿ ಸಭೆ ಗೊಳ್ಳೆಂದಿತು. ನಗು ಇಳಿಯುತ್ತಿದ್ದಂತೆ ಹೆಂಗಸೊಬ್ಬರು ಎರಡು ಸಲ ಕೆಮ್ಮಿದರು. ಹತ್ತೊಂಬತ್ತನೇ ನಿಮಿಷದಲ್ಲಿ ಮತ್ತೆ ನಗು, ಮತ್ತೆ ಅದೇ ಎರಡು ಕೆಮ್ಮು. ತಂಗಿಯ ಕಿವಿ ನೆಟ್ಟಗಾಯಿತು.

ಅವನ ಹಳೆಯ ಭಾಷಣಗಳಲ್ಲಿ ಎರಡನ್ನು ಹುಡುಕಿ ತೆಗೆದಳು. ಸಭಾಂಗಣ ಬೇರೆ, ಅಂಗಿಯ ಬಣ್ಣ ಬೇರೆ, ಕೆಮ್ಮು ಮಾತ್ರ ಅದೇ. ನಗುವನ್ನು ಎಲ್ಲಿಂದಲೋ ತಂದು ಅಂಟಿಸಿದ್ದರು. ಕಥೆಯೂ ಒಂದೊಂದು ಕಡೆ ಒಂದೊಂದು ಥರ ಇತ್ತು. ಬ್ರೇಕ್ ಹೋಗಿ ಕಣಿವೆಗೆ ಬಿದ್ದ ಲಾರಿಯಲ್ಲಿ ಒಮ್ಮೆ ಸಿಮೆಂಟ್ ಇತ್ತು, ಇನ್ನೊಮ್ಮೆ ಸಕ್ಕರೆ. ಅವನು ಅದರೊಳಗೆ ಸಿಕ್ಕಿಕೊಂಡಿದ್ದು ಒಮ್ಮೆ ಒಂದು ರಾತ್ರಿ, ಇನ್ನೊಮ್ಮೆ ಮೂರು ದಿನ. ತಂಗಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದಳು.

ಬೇರೆ ಯಾರ ಭಾಷಣವಾಗಿದ್ದರೂ ಟೈಪ್ ಮಾಡಿ ಕಳಿಸಿ ಸುಮ್ಮನಾಗುತ್ತಿದ್ದಳು. ಆದರೆ ಅಕ್ಕ ಈ ಮನುಷ್ಯನ ವಿಡಿಯೋಗಳನ್ನು ದಿನಕ್ಕೆರಡು ಸಲ ನೋಡುತ್ತಿದ್ದಳು.

ಅಕ್ಕ ಆಂಬುಲೆನ್ಸ್ ಚಾಲಕಿ. ಎಂಟು ತಿಂಗಳ ಹಿಂದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗಾಡಿ ಮಗ್ಗುಲಿಗೆ ಉರುಳಿತ್ತು. ಒಳಗೆ ರೋಗಿ ಇರಲಿಲ್ಲ. ಸಹಾಯಕನ ಭುಜದ ಮೂಳೆ ಮುರಿದಿತ್ತು. ಆಮೇಲೆ ಅವಳು ಸ್ಟಿಯರಿಂಗ್ ಮುಟ್ಟಿರಲಿಲ್ಲ, ನಕ್ಕಿರಲೂ ಇಲ್ಲ. ಲಾರಿ ಅಣ್ಣನ ವಿಡಿಯೋಗಳು ಸಿಕ್ಕ ಮೇಲೆಯೇ ಅಡುಗೆಮನೆಯಿಂದ ನಗು ಕೇಳತೊಡಗಿದ್ದು, ಮರುಪರೀಕ್ಷೆಗೆ ಅವಳು ಅರ್ಜಿ ಹಾಕಿದ್ದು. ಗುರುವಾರ ಪರೀಕ್ಷೆ. ಇಳಿಜಾರಿನಲ್ಲಿ ಗಾಡಿ ಇಳಿಸಿ ತೋರಿಸಬೇಕು. ತಪ್ಪಿದರೆ ಶಾಶ್ವತವಾಗಿ ಫೋನ್ ಎತ್ತುವ ಮೇಜಿಗೆ ವರ್ಗ.

ಕಿವಿ ಮೇಲೆ ಹೂವಿಡುವವನನ್ನು ನೆಚ್ಚಿಕೊಂಡು ಬಂದ ಧೈರ್ಯ ಇಳಿಜಾರಿನ ನಡುವೆ ಕೈಕೊಟ್ಟರೆ? ಹೇಳಿದರೆ ಇರುವ ಧೈರ್ಯವೂ ಹೋದೀತು. ಎರಡು ದಿನ ಈ ಹುಳ ತಲೆ ಕೊರೆಯಿತು. ಬುಧವಾರ ಸಂಜೆ ಅಕ್ಕ ಫೋನನ್ನು ನೀರಿನ ಲೋಟಕ್ಕೆ ಒರಗಿಸಿಕೊಂಡು ಊಟಕ್ಕೆ ಕೂತಾಗ ತಂಗಿ ಪಟ್ಟಿಯನ್ನು ಮುಂದಿಟ್ಟಳು.

ಅಕ್ಕ ಅದನ್ನು ಮೇಲಿಂದ ಕೆಳಗೆ ಓದಿದಳು.

"ಕೆಮ್ಮು ನಾನು ಗಮನಿಸಿರಲಿಲ್ಲ ಕಣೇ. ಆದ್ರೆ ಇವನು ಲಾರಿ ಓಡಿಸಿದೋನಲ್ಲ ಅಂತ ಮೊದಲನೇ ದಿನಾನೇ ಗೊತ್ತಾಯ್ತು."

"ಹೇಗೆ?"

"ಬ್ರೇಕ್ ಹೋಗಿದ್ದೇ ನ್ಯೂಟ್ರಲ್‌ಗೆ ಹಾಕಿದೆ ಅಂತಾನಲ್ಲ. ಇಳಿಜಾರಲ್ಲಿ ಹಾಗೆ ಮಾಡಿದ್ರೆ ಗಾಡಿ ಇನ್ನೂ ಜೋರಾಗಿ ಓಡುತ್ತೆ. ಚಿಕ್ಕ ಗೇರಿಗೆ ಇಳಿಸಬೇಕು, ಎಂಜಿನ್ನೇ ಹಿಡಿದುಕೊಳ್ಳುತ್ತೆ."

"ಗೊತ್ತಿದ್ದೂ ದಿನಾ ನೋಡ್ತೀಯಲ್ಲೇ ಅಕ್ಕ!"

"ಅದಕ್ಕೇ ನೋಡೋದು. ಅಲ್ಲಿಗೆ ಬಂದಾಗೆಲ್ಲ, ಲೋ ಪೆದ್ದ, ಎರಡನೇ ಗೇರು ಹಾಕೋ ಅಂತ ಬೈತೀನಿ. ಒಂದ್ಸಲಾನೂ ಹಾಕಲ್ಲ, ಮುಂಡೇದು. ನಗು ಬರುತ್ತೆ. ನಗ್ತಾ ನಗ್ತಾ ನನ್ನ ಕಾಲೇ ಕ್ಲಚ್ ತುಳಿಯುತ್ತೆ."

ತಂಗಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪೆಚ್ಚಾಗಬಾರದೆಂದು ನಿಂತ ಕಾಲಿನಲ್ಲಿ ಹೊಸೆದ ಮಾತಿರಬಹುದು. ಬಿದ್ದ ಚಮಚ ಹುಡುಕುವವಳಂತೆ ಬಗ್ಗಿ ಮೇಜಿನಡಿ ನೋಡಿದಳು. ವಿಡಿಯೋ ಓಡುತ್ತಿದ್ದರೂ ಅಕ್ಕನ ಎರಡೂ ಪಾದಗಳು ಅಲುಗದೆ ನೆಲದ ಮೇಲಿದ್ದವು. ಆ ದಿನ ಅಕ್ಕ ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿದಳು. ತಂಗಿ ಅದನ್ನೂ ಗಮನಿಸಿದಳು.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ಗ್ಯಾರೇಜಿನ ಹಿಂದಿನ ಅಂಗಳದ ಬೇಲಿಯಾಚೆ ತಂಗಿ ನಿಂತಿದ್ದಳು. ಪರೀಕ್ಷಕರು ಅಕ್ಕನ ಪಕ್ಕ ಕೂತರು. ಆಂಬುಲೆನ್ಸ್ ಅಂಗಳಕ್ಕೆ ಎರಡು ಸುತ್ತು ಹಾಕಿ ದಿಬ್ಬ ಏರಿತು. ಏರಿ, ತುದಿಯಲ್ಲಿ ನಿಂತುಬಿಟ್ಟಿತು.

ಅರ್ಧ ನಿಮಿಷವಾಯಿತು. ಒಂದು ನಿಮಿಷ. ಕಿಟಕಿಯಲ್ಲಿ ಪರೀಕ್ಷಕರು ಅಕ್ಕನತ್ತ ತಿರುಗಿ ಏನೋ ಕೇಳಿದ್ದು ಕಂಡಿತು. ಆ ಪಟ್ಟಿ ತೋರಿಸಬಾರದಿತ್ತು ಎಂದು ತಂಗಿ ಬೇಲಿಯ ತಂತಿಯನ್ನು ಹಿಡಿದುಕೊಂಡಳು. ನೆಟ್ಟಗೆ ನಿಂತಿದ್ದವಳನ್ನು ತಾನೇ ಬೀಳಿಸಿದೆ ಎನಿಸಿತು.

ಆಮೇಲೆ ಎಂಜಿನ್ ಗುರ್ರೆಂದಿತು. ಗಾಡಿ, ನಡೆದುಕೊಂಡು ಇಳಿಯುವ ಮನುಷ್ಯನಷ್ಟೇ ನಿಧಾನವಾಗಿ, ಒಂದೇ ಸಮನೆ ಕೆಳಗೆ ಬಂದು ಬಿಳಿ ಗೆರೆಗೆ ಸರಿಯಾಗಿ ನಿಂತಿತು.

ಪರೀಕ್ಷಕರು ಇಳಿದು ಕಾಗದಕ್ಕೆ ಸಹಿ ಹಾಕಿ, ಸೋಮವಾರದಿಂದ ಬರಬಹುದು ಎಂದರು. ಮೇಲೆ ಅಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ತಂಗಿ ಕೇಳಿದಳು.

"ಬ್ರೇಕ್ ತುಳಿದು ತುಳಿದು ನೋಡ್ತಿದ್ದೆ. ಅವರ ಗಾಡಿ, ಬ್ರೇಕ್ ಸರಿಯಿದೆ ಅನ್ನೋದೂ ಅವರ ಮಾತು. ನಾನ್ಯಾಕೆ ನಂಬಲಿ?"

ಹೇಳಿ ನೀರಿನ ಬಾಟಲಿ ಕೇಳಿದಳು. ಮುಚ್ಚಳವನ್ನು ಎರಡು ಸಲ ತಪ್ಪು ದಿಕ್ಕಿಗೆ ತಿರುಗಿಸಿದಳು. ತಂಗಿಯೇ ತೆರೆದುಕೊಟ್ಟಳು.